ಟಿಳಕವಾಡಿಯ ಮೆಟ್ಟಿಲು, ಕಣಬರ್ಗಿ ರಸ್ತೆಯ ಲಿಫ್ಟ್: ಎರಡು ಫ್ಲ್ಯಾಟ್‌ಗಳ ನಡುವೆ ಸಿಕ್ಕ ಒಂದು ಕುಟುಂಬ

2025ರ ಜುಲೈ ಮೊದಲ ವಾರ. ಬೆಳಗಾವಿಯ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ತಮ್ಮ ಫೋನ್ ಮಾಡಿ ಎರಡು ಅಂಕಿ ಹೇಳಿದ.

"ಅಕ್ಕಾ, ಟಿಳಕವಾಡ್ಯಾಗ ಸ್ಕ್ವೇರ್ ಫೂಟಿಗೆ 4,900 ಆಗತೈತಿ. ಕಣಬರ್ಗಿ ರೋಡಿಗೆ 4,300. ಅದೂ ಹೊಸಾದು, ಲಿಫ್ಟ್ ಐತಿ. ಇದರಾಗ ವಿಚಾರ ಮಾಡೂದು ಏನೈತಿ ಹೇಳು?"

ನಾನು ಬ್ಯಾಂಕಿನಲ್ಲಿ ಮನೆ ಸಾಲದ ಟೇಬಲ್ ಮೇಲೆ ವರ್ಷಗಟ್ಟಲೆ ಕೂತು ನಿವೃತ್ತಿಯಾದವಳು. ನೆಂಟರಲ್ಲಿ ಯಾರು ಮನೆ ತಗೊಂಡರೂ ಫೈಲು ಒಮ್ಮೆ ನನ್ನ ಕೈ ಹಾದು ಹೋಗುತ್ತದೆ. ಈ ಪ್ರಕರಣವನ್ನು ಬರೆದಿಡಲು ತಮ್ಮ, ಅವನ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಅಂಕಿಗಳು ಇರಲಿ ಅಂದಿದ್ದಾರೆ.

ತಮ್ಮ ಅಂದರೆ ನನ್ನ ಚಿಗವ್ವನ ಮಗ. ಉದ್ಯಮಬಾಗ ಕಡೆ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹೆಂಡತಿ ನೆಹರು ನಗರದ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ತಿಂಗಳಲ್ಲಿ ಒಂದು ವಾರ ರಾತ್ರಿ ಪಾಳಿ. ಮಗಳು ಎಂಟನೇ ತರಗತಿ, ಶಾಲೆ ಟಿಳಕವಾಡಿಯಲ್ಲಿ. ಚಿಗವ್ವನಿಗೆ 68, ಎರಡೂ ಮೊಣಕಾಲು ಕೈಕೊಟ್ಟಿವೆ. ಶಹಾಪುರದಲ್ಲಿ 11,000 ರೂಪಾಯಿ ಬಾಡಿಗೆ ಮನೆ. ಉಳಿತಾಯ, ಪಿಎಫ್, ಒಂದಿಷ್ಟು ಬಂಗಾರ ಎಲ್ಲಾ ಕೂಡಿಸಿದರೆ ಕೈಯಲ್ಲಿ 20 ಲಕ್ಷ. ತಿಂಗಳ ಕಂತು 33,000 ದಾಟಿದರೆ ಮನೆ ನಡೆಸುವುದು ಕಷ್ಟ ಅಂತ ಅವನ ಹೆಂಡತಿ ಮೊದಲೇ ಗೆರೆ ಎಳೆದಿದ್ದಳು. ಆ ಮನೆಯಲ್ಲಿ ನಿಜವಾದ ಗಣಿತ ಅವಳದು.

ಮೊದಲು ಯಳ್ಳೂರು ರಸ್ತೆ ಕಡೆ ಇನ್ನೊಂದು ಅಗ್ಗದ ಫ್ಲ್ಯಾಟ್ ಕೂಡ ಪಟ್ಟಿಯಲ್ಲಿತ್ತು. ಅದನ್ನು ನೋಡಲೂ ಹೋಗಲಿಲ್ಲ. 2019ರ ಆಗಸ್ಟ್‌ನಲ್ಲಿ ಇಲ್ಲಿಯ ಬಳ್ಳಾರಿ ನಾಲಾ ಉಕ್ಕಿದ್ದನ್ನು ಶಹಾಪುರ, ವಡಗಾವಿ ಕಡೆಯವರು ಯಾರೂ ಮರೆತಿಲ್ಲ. ನಾಲಾದ ಹತ್ತಿರ ಅಂದ ಕೂಡಲೇ ಚಿಗವ್ವ "ಬ್ಯಾಡ" ಅಂದಳು, ಅಲ್ಲಿಗೆ ಮುಗಿಯಿತು.

ಕ್ಯಾಲೆಂಡರ್ ಹಿಂದಿನ ಗೋಡೆ

ಟಿಳಕವಾಡಿಯ ಫ್ಲ್ಯಾಟ್ ಎರಡನೇ ರೈಲ್ವೆ ಗೇಟಿನಿಂದ ಹತ್ತು ನಿಮಿಷದ ನಡಿಗೆ. 2003ರ ಕಟ್ಟಡ. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ಒಟ್ಟು ಒಂಬತ್ತು ಮನೆ. ಇವರದು ಎರಡನೇ ಮಹಡಿ. ಲಿಫ್ಟ್ ಇಲ್ಲ. ಹಿಂದೆ ಒಂದು ಹಳೇ ಬಾವಿ. ಮೇ ತಿಂಗಳಲ್ಲೂ ಅದರಲ್ಲಿ ನೀರಿತ್ತು ಅಂತ ಕೆಳಗಿನ ಮನೆಯವರು ಹೇಳಿದರು. ಕೇಳಿದ ಬೆಲೆ 48 ಲಕ್ಷ.

ಮಳೆಯಲ್ಲೇ ನೋಡಬೇಕು ಅಂತ ನಾನೇ ಹಟ ಹಿಡಿದೆ. ಬೆಳಗಾವಿಯಲ್ಲಿ ಹಳೇ ಮನೆಯನ್ನು ಫೆಬ್ರುವರಿಯಲ್ಲಿ ನೋಡಿ ತಗೊಳ್ಳುವುದೂ, ವರನ ಫೋಟೋ ಮಾತ್ರ ನೋಡಿ ಮದುವೆ ಆಗುವುದೂ ಒಂದೇ. ಮಳೆ ಇಲ್ಲಿಗೆ ಪಶ್ಚಿಮದಿಂದ ಬರುತ್ತದೆ, ಗಾಳಿ ಜೊತೆಗೆ ಓರೆಯಾಗಿ. ಅದಕ್ಕೇ ಈ ಊರಲ್ಲಿ ಪಶ್ಚಿಮದ ಗೋಡೆಗೆ ತಗಡು ಹೊಡೆಸಿದ ಮನೆಗಳು ಕಾಣುವುದು.

ಮಾರುವವರು ಚಹಾ ಕೊಟ್ಟರು. ಮನೆ ಚೊಕ್ಕವಾಗಿತ್ತು. ಹಿಂದಿನ ಬೆಡ್‌ರೂಮಿನಲ್ಲಿ ಮಾತ್ರ ಒಂದು ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಕಿಟಕಿ ಪಕ್ಕ, ನೆಲದಿಂದ ಮೊಳದಷ್ಟು ಎತ್ತರಕ್ಕೆ ತೂಗುಹಾಕಿದ್ದರು. ಅಷ್ಟು ಕೆಳಗೆ ಯಾರು ತಾರೀಖು ನೋಡುತ್ತಾರೆ? ತಮ್ಮನ ಹೆಂಡತಿ ಬಗ್ಗಿ ಅದನ್ನು ಎತ್ತಿದಳು. ಹಿಂದೆ ಪರಾತದಷ್ಟು ಅಗಲದ ಒದ್ದೆ ಕಲೆ, ಬಣ್ಣ ಹೊಪ್ಪಳಿಕೆ ಎದ್ದಿತ್ತು. ಬೆರಳಿಟ್ಟರೆ ಉಪ್ಪಿನ ಹಾಗೆ ಬಿಳಿ ಪುಡಿ ಅಂಟಿತು.

ಮಾರುವವರ ಮುಖ ಸಣ್ಣದಾಯಿತು. "ಅದು ಮಳಿಗಾಲದಾಗ ಅಷ್ಟರೀ" ಅಂದರು. ಮಳೆಗಾಲ ಇಲ್ಲಿ ನಾಲ್ಕು ತಿಂಗಳು!

ಮುಂದಿನ ವಾರ ಪರಿಚಯದ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋದೆವು. 6,000 ರೂಪಾಯಿ ತಗೊಂಡರು, ಎರಡು ತಾಸು ಇದ್ದರು. ಪಾರ್ಕಿಂಗಿನ ಕಂಬಗಳನ್ನು ಸಣ್ಣ ಸುತ್ತಿಗೆಯಿಂದ ಬಡಿದು ಸದ್ದು ಕೇಳಿದರು. ಪೊಳ್ಳು ಸದ್ದು ಬರಲಿಲ್ಲ, ಕಬ್ಬಿಣ ತುಕ್ಕು ಹಿಡಿದು ಬಿರುಕು ಬಿಟ್ಟಿರಲಿಲ್ಲ. ಸ್ನಾನದ ಮನೆಯ ಕೆಳಗಿನ ಸ್ಲ್ಯಾಬ್ ಒಣಗಿತ್ತು. ತೊಂದರೆ ಹೊರಗಿನ ಪ್ಲಾಸ್ಟರಿನದು ಅಂದರು. ಅದನ್ನು ಕಿತ್ತು ಹೊಸದಾಗಿ ಮಾಡಿಸಿ, ಕಿಟಕಿಯ ಮೇಲಿನ ಸಜ್ಜಾ ಸರಿ ಮಾಡಿಸಿದರೆ ನಿಲ್ಲುತ್ತದೆ. ಅಡುಗೆಮನೆ, ವೈರಿಂಗ್ ಎಲ್ಲಾ ಸೇರಿ ರಿಪೇರಿಗೆ ಮೂರೂವರೆ ಲಕ್ಷ ಇಟ್ಟುಕೊಳ್ಳಿ ಅಂದರು.

ಇಟ್ಟಿಗೆ ಚೂರಿನ ಮಂಚ

ಕಣಬರ್ಗಿ ರಸ್ತೆಯದು ಇನ್ನೂ ಕಟ್ಟುತ್ತಿದ್ದದ್ದು. ಅರವತ್ತು ಮನೆ, ಎರಡು ಲಿಫ್ಟ್, ಜನರೇಟರ್, ಮೇಲೆ ಒಂದು ಸಣ್ಣ ಹಾಲ್. ಐದನೇ ಮಹಡಿಯಿಂದ ನೋಡಿದರೆ ಹಸಿರು, ಗಾಳಿ ಜೋರು. ಸುಳ್ಳು ಯಾಕೆ, ನಾನೂ ಮೊದಲು ಇದಕ್ಕೇ ವಾಲಿದ್ದೆ. ಚಿಗವ್ವನ ಮೊಣಕಾಲು ನೆನೆಸಿಕೊಂಡು ಲಿಫ್ಟ್ ಒಂದಕ್ಕೇ ನೂರಕ್ಕೆ ಅರವತ್ತು ಅಂಕ ಕೊಟ್ಟುಬಿಟ್ಟಿದ್ದೆ.

ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ನೋಂದಣಿ ಇತ್ತು. ರೇರಾ ಅಂದರೆ ಬಿಲ್ಡರುಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ. ಮುಗಿಸುವ ದಿನಾಂಕ 2027ರ ಮಾರ್ಚ್. ಅಂದರೆ ನಾವು ನೋಡಿದಾಗಿನಿಂದ 20 ತಿಂಗಳು. ಬ್ರೋಶರಿನಲ್ಲಿ 1,240 ಚದರ ಅಡಿ ಅಂತ ದಪ್ಪ ಅಕ್ಷರದಲ್ಲಿತ್ತು. ಅದು ಸೂಪರ್ ಬಿಲ್ಟಪ್. ಮೆಟ್ಟಿಲು, ಲಿಫ್ಟ್ ಓಡಾಡುವ ಜಾಗ, ಲಾಬಿ ಎಲ್ಲದರಲ್ಲೂ ನಿಮ್ಮ ಪಾಲು ಸೇರಿಸಿದ ಅಳತೆ. ರೇರಾ ಪುಟದಲ್ಲಿ ಬರೆದಿದ್ದು ಕಾರ್ಪೆಟ್ ಏರಿಯಾ, 868 ಚದರ ಅಡಿ. 2016ರ ರೇರಾ ಕಾಯ್ದೆ ಪ್ರಕಾರ ಕಾರ್ಪೆಟ್ ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ. ಒಳಗಿನ ಅಡ್ಡಗೋಡೆಗಳು ಲೆಕ್ಕಕ್ಕೆ ಸೇರುತ್ತವೆ. ಹೊರಗೋಡೆ, ಪೈಪಿನ ಶಾಫ್ಟ್, ಬಾಲ್ಕನಿ ಸೇರುವುದಿಲ್ಲ.

ಟೇಪ್ ಹಿಡಿದುಕೊಂಡು, ಕಟಾಂಜನ ಇಲ್ಲದ ಮೆಟ್ಟಿಲು ಹತ್ತಿ ಹೋದೆವು. ಮೇಲೆ ಬರೀ ಸ್ಲ್ಯಾಬ್, ಇಟ್ಟಿಗೆ ಗೋಡೆ. ಬೆಡ್‌ರೂಮು 10 ಅಡಿಗೆ 11. ತಮ್ಮ ಇಟ್ಟಿಗೆ ಚೂರು ತಗೊಂಡು ನೆಲದ ಮೇಲೆ ಆರು ಅಡಿಯ ಮಂಚ ಬರೆದ, ಪಕ್ಕಕ್ಕೆ ಕಪಾಟು ಬರೆದ. ಅವನ ಹೆಂಡತಿ ಮಂಚದ ಸುತ್ತ ನಡೆದು ನೋಡಿದಳು. ಕಪಾಟಿನ ಬಾಗಿಲು ತೆಗೆದರೆ ಮಂಚಕ್ಕೆ ಬಡಿಯುತ್ತಿತ್ತು. ಬಾಗಿಲಿನಿಂದ ರೂಮುಗಳಿಗೆ ಹೋಗುವ ಓಣಿ ಅಳೆದರೆ 4 ಅಡಿ ಅಗಲ, 18 ಅಡಿ ಉದ್ದ. 72 ಚದರ ಅಡಿ ಬರೀ ನಡೆದಾಡಲಿಕ್ಕೆ.

ಟಿಳಕವಾಡಿಯದನ್ನು ನಾವೇ ಅಳೆದಾಗ ಒಳಗಿನ ಜಾಗ 790 ಚದರ ಅಡಿ ಬಂದಿತ್ತು, ಅಲ್ಲಿ ಓಣಿಯೇ ಇಲ್ಲ. ಹೊಸದು ದೊಡ್ಡದು ಅಂತ ನಾವು ಅಂದುಕೊಂಡಿದ್ದ 78 ಚದರ ಅಡಿಯಲ್ಲಿ 72 ಓಣಿಗೇ ಹೋಗಿತ್ತು.

ಮಾಸ್ತರ ಮತ್ತೆ ಲೆಕ್ಕ ಮಾಡಿದ

ಆ ರಾತ್ರಿ ನಮ್ಮ ಮನೆಯ ಊಟದ ಟೇಬಲ್ ಮೇಲೆ ತಮ್ಮ ಮೊದಲಿನ ಎರಡು ಅಂಕಿಗಳನ್ನು ಹೊಡೆದುಹಾಕಿದ. 48 ಲಕ್ಷವನ್ನು 790ಕ್ಕೆ ಭಾಗಿಸಿದರೆ 6,076. ಹೊಸದರ ಮೂಲ ಬೆಲೆ 53 ಲಕ್ಷ 32 ಸಾವಿರ, ಅದನ್ನು 868ಕ್ಕೆ ಭಾಗಿಸಿದರೆ 6,143. ಅಡಿಗೆ 600 ರೂಪಾಯಿ ಅಗ್ಗ ಅಂತ ಹಿಗ್ಗಿದ್ದು ಅಳತೆಗೋಲು ಬದಲಾದ ಕೂಡಲೇ ಹೋಯಿತು.

ಆಮೇಲೆ ಮೇಲಿನ ಖರ್ಚು. ಹೊಸದಕ್ಕೆ ಪಾರ್ಕಿಂಗ್ ಎರಡೂವರೆ ಲಕ್ಷ, ಕರೆಂಟು-ನೀರಿನ ಜೋಡಣೆ ಅಂತ 1.75 ಲಕ್ಷ. ಒಟ್ಟು 57.57 ಲಕ್ಷ. ಅದರ ಮೇಲೆ ಜಿಎಸ್‌ಟಿ. ಇಲ್ಲೊಂದು ಸ್ವಾರಸ್ಯ ಇದೆ. ಮೆಟ್ರೋ ಅಲ್ಲದ ಊರುಗಳಲ್ಲಿ ಕಾರ್ಪೆಟ್ 90 ಚದರ ಮೀಟರ್ ಒಳಗಿದ್ದು, ಬೆಲೆ 45 ಲಕ್ಷ ದಾಟದಿದ್ದರೆ ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಬರೀ 1%. 2019ರ ಏಪ್ರಿಲ್‌ನಿಂದ ಈ ದರ ಇದೆ. 868 ಚದರ ಅಡಿ ಅಂದರೆ ಸುಮಾರು 81 ಚದರ ಮೀಟರ್. ಅಳತೆಯಲ್ಲಿ ಪಾಸು, ಬೆಲೆಯಲ್ಲಿ ನಪಾಸು. ಹಾಗಾಗಿ 5%, ಅಂದರೆ 2.88 ಲಕ್ಷ. ಹಳೇ ಮನೆ ಕೊಂಡರೆ ಜಿಎಸ್‌ಟಿ ಇಲ್ಲ.

ಮುದ್ರಾಂಕ ಶುಲ್ಕ 5%. ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ 5.6%. ನೋಂದಣಿ ಶುಲ್ಕ ಆಗ 1% ಇತ್ತು, 2025ರ ಆಗಸ್ಟ್ 31ರಿಂದ 2% ಆಯಿತು. ಹೊಸ ದರದಲ್ಲಿ ಹಿಡಿದರೆ ಕಣಬರ್ಗಿ ರಸ್ತೆಯದಕ್ಕೆ 4.38 ಲಕ್ಷ. ಎಲ್ಲಾ ಸೇರಿ 64 ಲಕ್ಷ 80 ಸಾವಿರದ ಆಸುಪಾಸು. 50 ಲಕ್ಷ ದಾಟಿದ್ದಕ್ಕೆ, ಮಾರುವವರಿಗೆ ಕೊಡುವ ದುಡ್ಡಿನಲ್ಲೇ 1% ಆದಾಯ ತೆರಿಗೆ (ಟಿಡಿಎಸ್) ಕಡಿದು ಕಟ್ಟುವ ಕೆಲಸವೂ ಕೊಳ್ಳುವವರದೇ. ಅದು ಹೆಚ್ಚಿನ ಖರ್ಚಲ್ಲ, ಆದರೆ ಮರೆತರೆ ದಂಡ.

ಟಿಳಕವಾಡಿಯದು ಒದ್ದೆ ಗೋಡೆಯ ದಯೆಯಿಂದ 46.5 ಲಕ್ಷಕ್ಕೆ ಇಳಿಯಿತು. ಶುಲ್ಕಗಳು 3.53 ಲಕ್ಷ, ಏಜೆಂಟರಿಗೆ 1%, ರಿಪೇರಿ ಮೂರೂವರೆ. ಒಟ್ಟು 54 ಲಕ್ಷ.

ಬ್ಯಾಂಕಿನ ಕಡೆಯಿಂದ ನೋಡಿದರೆ ಇನ್ನೊಂದು ವಿಷಯ ಹೊರಬಿತ್ತು. 30ರಿಂದ 75 ಲಕ್ಷದವರೆಗಿನ ಮನೆ ಸಾಲದಲ್ಲಿ ಆಸ್ತಿಯ ಬೆಲೆಯ 80% ಮೀರಿ ಕೊಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಹಳೇ ಕಟ್ಟಡಕ್ಕೆ ಬ್ಯಾಂಕಿನ ವ್ಯಾಲ್ಯುವರ್ 44 ಲಕ್ಷ ಅಷ್ಟೇ ಹಾಕಿದರು. ಹಾಗಾಗಿ ಸಾಲ 35.2 ಲಕ್ಷ. ಹೊಸದಕ್ಕೆ 46 ಲಕ್ಷ ಕೊಡಲು ತಯಾರು. ಇಷ್ಟೆಲ್ಲಾ ಆದ ಮೇಲೆ ಕೈಯಿಂದ ಹಾಕಬೇಕಾದ ದುಡ್ಡು ನೋಡಿದರೆ ಎರಡಕ್ಕೂ 18 ಲಕ್ಷ 80 ಸಾವಿರ! ನಾನೇ ಎರಡು ಸಲ ಕೂಡಿಸಿದೆ. ವ್ಯತ್ಯಾಸ ಇದ್ದದ್ದು ಕಂತಿನಲ್ಲಿ. 8% ಬಡ್ಡಿ, 20 ವರ್ಷ ಅಂತ ಹಿಡಿದರೆ ಹಳೇದಕ್ಕೆ ತಿಂಗಳಿಗೆ 29,400, ಹೊಸದಕ್ಕೆ 38,500. ಅವನ ಹೆಂಡತಿಯ ಗೆರೆ 33,000ದಲ್ಲಿತ್ತು.

ಅದೂ ಅಲ್ಲದೆ ಹೊಸದು ಕೈಗೆ ಬರುವವರೆಗೆ 20 ತಿಂಗಳ ಬಾಡಿಗೆ 2.2 ಲಕ್ಷ. ಹಂತಹಂತವಾಗಿ ಬಿಡುಗಡೆಯಾಗುವ ಸಾಲದ ಮೇಲಿನ ಬಡ್ಡಿ ಸುಮಾರು 3 ಲಕ್ಷ. ಅದೂ ಹೇಳಿದ ದಿನಕ್ಕೆ ಮುಗಿದರೆ.

ಈ 'ಮುಗಿದರೆ' ಬಗ್ಗೆ ನನಗೆ ಬ್ಯಾಂಕಿನ ದಿನಗಳಿಂದಲೂ ಅನುಮಾನ ಜಾಸ್ತಿ. ರೇರಾ ಬಂದ ಮೇಲೆ ಕೊಳ್ಳುವವರಿಗೆ ಬಲ ಬಂದಿದೆ, ಅದು ನಿಜ. ಜನ ಕೊಟ್ಟ ದುಡ್ಡಿನ 70% ಬೇರೆ ಖಾತೆಯಲ್ಲಿಟ್ಟು ಅದೇ ಕಟ್ಟಡಕ್ಕೆ ಬಳಸಬೇಕು. ತಡವಾದರೆ ತಿಂಗಳು ತಿಂಗಳು ಬಡ್ಡಿ ಕೊಡಬೇಕು. ಆದರೆ ಆದೇಶ ಸಿಗುವುದು ಬೇರೆ, ದುಡ್ಡು ಕೈಗೆ ಬರುವುದು ಬೇರೆ. ಇಲ್ಲಿ ಬುಕಿಂಗ್ ಆಫೀಸಿನ ಹುಡುಗ 20% ಮೊದಲೇ ಕೊಡಿ, ಅಗ್ರಿಮೆಂಟ್ ಆಮೇಲೆ ಮಾಡೋಣ ಅಂದಿದ್ದ. ನೋಂದಾಯಿತ ಒಪ್ಪಂದಕ್ಕೆ ಮೊದಲು 10%ಗಿಂತ ಹೆಚ್ಚು ತಗೊಳ್ಳುವಂತಿಲ್ಲ ಅಂದೆ. "ಎಲ್ಲಾರೂ ಕೊಡ್ತಾರ್ರೀ ಮೇಡಂ" ಅಂದ. ಆ ಹುಡುಗನ ಮೇಲೆ ಸಿಟ್ಟಿಲ್ಲ, ಹೇಳಿಕೊಟ್ಟಿದ್ದನ್ನು ಹೇಳಿದ. ನನ್ನ ಮನಸ್ಸು ಅಲ್ಲಿಂದ ಅರ್ಧ ಹೊರಬಂತು.

ಪುಣೆಯ ಅಕ್ಕನ ಸಹಿ

ಹಾಗಂತ ಟಿಳಕವಾಡಿಯ ಕಾಗದ ಶುದ್ಧ ಇತ್ತು ಅಂತಲ್ಲ. ಮನೆ ಇದ್ದದ್ದು ಮಾರುವವರ ತಂದೆಯ ಹೆಸರಲ್ಲಿ. ತಂದೆ-ತಾಯಿ ಇಬ್ಬರೂ ತೀರಿದ್ದಾರೆ, ಮೃತ್ಯುಪತ್ರ ಇಲ್ಲ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಮಗ ಮಾತ್ರ ನಮ್ಮ ಜೊತೆ ವ್ಯವಹಾರ ಮಾಡುತ್ತಿದ್ದರು. "ಅಕ್ಕಂದು ಏನೂ ತಕರಾರಿಲ್ರೀ, ಆಕಿ ಪುಣೆದಾಗ ಇರ್ತಾಳ" ಅಂದರು. ತಕರಾರಿಲ್ಲ ಅನ್ನುವುದು ಬಾಯಿ ಮಾತು. ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಿ, ಇ-ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಮಾರುವವರ ಹೆಸರಿಗೆ ಬರುವವರೆಗೆ ಸಂಚಕಾರ, ಅಂದರೆ ಮುಂಗಡ, ಕೊಡಬಾರದು ಅಂತ ನಾನು ತಮ್ಮನ ಕೈ ಹಿಡಿದು ಕೂರಿಸಿದೆ. ಹೇಗೂ ಈಗ ಇ-ಖಾತೆ ಇಲ್ಲದೆ ಖರೇದಿ ನೋಂದಣಿ ಆಗುವುದೇ ಇಲ್ಲ.

ಪುಣೆಯ ಅಕ್ಕನಿಗೆ ರಜೆ ಸಿಕ್ಕಿದ್ದು ಗಣಪತಿ ಹಬ್ಬಕ್ಕೆ. ಆಗಸ್ಟ್ 27ಕ್ಕೆ ಚೌತಿ, ಎರಡು ದಿನ ಬಿಟ್ಟು ಸಹಿ. ಇ-ಖಾತೆ ಆಗುವಷ್ಟರಲ್ಲಿ ನೋಂದಣಿ ಶುಲ್ಕ ಏರಿತು. ಕಾದದ್ದಕ್ಕೆ 46,500 ರೂಪಾಯಿ ಹೆಚ್ಚಿಗೆ ಬಿತ್ತು. ತಮ್ಮ ಅದನ್ನು ಇನ್ನೂ ನನಗೆ ನೆನಪು ಮಾಡುತ್ತಾನೆ. ಮಾಡಲಿ. ವಾರಸುದಾರರಲ್ಲಿ ಒಬ್ಬರ ಸಹಿ ಬಿಟ್ಟುಹೋದ ಫೈಲುಗಳು ಕೋರ್ಟಿನಲ್ಲಿ ಎಷ್ಟು ವರ್ಷ ಕೂರುತ್ತವೆ ಅಂತ ನಾನು ನೋಡಿದ್ದೇನೆ.

ಇನ್ನೊಂದು ಸಣ್ಣ ವಿಷಯ. ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಆನ್‌ಲೈನ್ ಸಿಗುವುದು 2004ರಿಂದ ಈಚಿನದು. ಈ ಮನೆಯ ಮೊದಲ ಖರೇದಿ 2003ರದು. ಕಂಪ್ಯೂಟರ್ ಇಸಿ ಮಾತ್ರ ನೋಡಿದರೆ ಆ ಖರೇದಿಯೇ ಕಾಣುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೇ ಪುಸ್ತಕ ತೆಗೆಸಿ, ಕೈಬರಹದ ಇಸಿ ಬೇರೆ ಮಾಡಿಸಿದೆವು. ಸಿಟಿಎಸ್ ಉತಾರ (ನಗರ ಸರ್ವೆಯ ದಾಖಲೆ), 2003ರ ಖರೇದಿ ಪತ್ರ ಎರಡನ್ನೂ ಅದರ ಜೊತೆ ಇಟ್ಟು ವಕೀಲರಿಂದ ಓದಿಸಿದೆವು. ಖರೇದಿ ಪತ್ರದಲ್ಲಿ ಜಮೀನಿನ ಅವಿಭಜಿತ ಪಾಲು ಸ್ಪಷ್ಟವಾಗಿ ಬರೆದಿತ್ತು. ಐದು ಗುಂಟೆಯಲ್ಲಿ ಒಂಬತ್ತನೇ ಒಂದು ಭಾಗ, ಸುಮಾರು 600 ಚದರ ಅಡಿ. ಕಣಬರ್ಗಿ ರಸ್ತೆಯಲ್ಲಿ 22 ಗುಂಟೆಗೆ 60 ಮನೆ, ಪಾಲು ಸುಮಾರು 400. ಕಟ್ಟಡ ಹಳೆಯದಾಗುತ್ತಾ ಹೋದ ಹಾಗೆ ಬೆಲೆ ಹಿಡಿದು ನಿಲ್ಲುವುದು ನೆಲ. ಅದೂ ಟಿಳಕವಾಡಿಯ ನೆಲ.

ಯಾವ ತಪ್ಪು ನಮ್ಮ ಕೈಯಲ್ಲಿದೆ

ಲೆಕ್ಕ ಟಿಳಕವಾಡಿ ಕಡೆ ಇದ್ದರೂ ಮನೆ ಎರಡು ಪಾಲಾಗಿತ್ತು. ತಮ್ಮನ ಹೆಂಡತಿಗೆ ಹೊಸದೇ ಬೇಕಿತ್ತು. ಅದಕ್ಕೆ ಕಾರಣ ಲಾಬಿಯ ಚೆಂದ ಅಲ್ಲ. ಕಣಬರ್ಗಿ ರಸ್ತೆಯಿಂದ ನೆಹರು ನಗರ ಹತ್ತಿರ. ಟಿಳಕವಾಡಿಯಿಂದ ಹೊರಟರೆ ಊರು ದಾಟಬೇಕು, ಗೇಟು ಹಾಕಿದ್ದರೆ ರೈಲಿಗೆ ಕಾಯಬೇಕು. "ರಾತ್ರಿ ಪಾಳಿಗೆ ಸ್ಕೂಟಿ ಮ್ಯಾಲೆ ಹೋಗಾಕಿ ನಾನು ಅಕ್ಕಾ. ಸಾಲಿ ಹತ್ತರ ಆಗತೈತಿ ಅಂತ ಎಲ್ಲಾರೂ ಅಂತೀರಿ, ದವಾಖಾನಿ ದೂರ ಆಗತೈತಿ ಅಂತ ಯಾರೂ ಅನ್ನವಲ್ರಿ" ಅಂದಳು. ನಿಜವೇ. ನನ್ನ ಪಟ್ಟಿಯಲ್ಲಿ ಶಾಲೆ ಇತ್ತು, ಪೇಟೆ ಇತ್ತು, ಅವಳ ಪಾಳಿ ಇರಲಿಲ್ಲ.

ಆಮೇಲೆ ಹಾಳೆ ಬದಲಾಯಿಸಿದೆ. ಎರಡೂ ಮನೆಯ ಗುಣ ಬರೆಯುವುದು ಬಿಟ್ಟು ಬರೀ ದೋಷ ಬರೆದೆ. ಪ್ರತಿಯೊಂದರ ಮುಂದೆ, ನಮ್ಮ ದುಡ್ಡು ಅಥವಾ ನಮ್ಮ ಓಡಾಟದಿಂದ ಇದು ಸರಿಹೋಗುತ್ತದಾ ಅಂತ ಒಂದೇ ಪ್ರಶ್ನೆ. ಒದ್ದೆ ಗೋಡೆ ಹೋಗುತ್ತದೆ. ವಾರಸುದಾರರ ಸಹಿ ಸಿಗುತ್ತದೆ, ಸಿಗದಿದ್ದರೆ ಸಂಚಕಾರವೇ ಕೊಟ್ಟಿರುವುದಿಲ್ಲ. ರಾತ್ರಿ ಪಾಳಿಗೆ ಬಿಡುವ, ಕರೆತರುವ ವ್ಯವಸ್ಥೆ ಮಾಡಬಹುದು. ಕಟ್ಟಡ ತಡವಾದರೆ? ಅದು ಬಿಲ್ಡರ್ ಕೈಯಲ್ಲಿ. ಕಂತು 38,500? ಸಂಬಳ ಏರುವವರೆಗೆ ಏನೂ ಮಾಡುವ ಹಾಗಿಲ್ಲ. ಉಳಿದದ್ದು ಮೆಟ್ಟಿಲು. ಅದೊಂದು ಮಾತ್ರ ಟಿಳಕವಾಡಿಯ ಸರಿಹೋಗದ ದೋಷ.

ಹಾಗಾಗಿ ಮೆಟ್ಟಿಲು ಹತ್ತುವವರನ್ನೇ ಕರೆದುಕೊಂಡು ಹೋದೆವು. 36 ಮೆಟ್ಟಿಲು. ಚಿಗವ್ವ ಕಟಾಂಜನ ಹಿಡಿದು ಒಂದೊಂದಾಗಿ ಎಣಿಸುತ್ತಾ ಹತ್ತಿದಳು. ಮೊದಲ ಮಹಡಿಯಲ್ಲಿ ಮೆಟ್ಟಿಲ ಮೇಲೇ ಕೂತಳು, ಮೇಲೆ ಹೋಗಿ ನೀರು ಕೇಳಿದಳು. ನಾನು "ಚಿಗವ್ವಾ, ಅಲ್ಲಿ ಲಿಫ್ಟ್ ಐತಿ ನೋಡ, ವಿಚಾರ ಮಾಡು" ಅಂದೆ.

"ಲಿಫ್ಟಿಳದು ಎಲ್ಲಿಗಿ ಹೋಗ್ಲೆವ್ವಾ?" ಅಂದಳು. "ಇಲ್ಲಿ ಇಳದ್ರ ಗುಡಿ ಐತಿ, ಕಾಯಿಪಲ್ಲೆ ಐತಿ, ಮಾತಾಡಾಕ ನಾಕ ಮಂದಿ ಅದಾರ. ದಿನಕ್ಕ ಒಂದ ಸಲ ಇಳೀತೀನಿ, ಒಂದ ಸಲ ಏರ್ತೀನಿ."

ಡಾಕ್ಟರನ್ನೂ ಕೇಳಿದೆವು. ದಿನಕ್ಕೊಮ್ಮೆ ನಿಧಾನಕ್ಕೆ ಪರವಾಗಿಲ್ಲ, ಮುಂದೆ ಮೊಣಕಾಲು ಆಪರೇಷನ್ ಆದರೆ ಕೆಲವು ತಿಂಗಳು ತೊಂದರೆ ಅಂದರು. ಆ ತೊಂದರೆ ಇನ್ನೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ನವೆಂಬರ್‌ನಲ್ಲಿ ಟಿಳಕವಾಡಿಯ ಖರೇದಿ ಆಯಿತು. ತಮ್ಮನ ಹೆಂಡತಿ ಒಪ್ಪಿದ್ದು ಒಂದು ಷರತ್ತಿನ ಮೇಲೆ. ರಾತ್ರಿ ಪಾಳಿಯ ವಾರ ಗಂಡನೇ ಬಿಡಬೇಕು, ಬೆಳಿಗ್ಗೆ ಅವನೇ ಕರೆತರಬೇಕು, ಮಳೆ ಇರಲಿ ಚಳಿ ಇರಲಿ. ಇಲ್ಲಿಯವರೆಗೆ ಎರಡು ಸಲ ತಪ್ಪಿಸಿದ್ದಾನೆ, ಎರಡೂ ಸಲ ಪರೀಕ್ಷೆ ಪೇಪರ್ ತಿದ್ದುವ ನೆಪ.

ರಿಪೇರಿ ಫೆಬ್ರುವರಿಗೆ ಮುಗಿಯಿತು. ಪಶ್ಚಿಮದ ಹೊರಗೋಡೆ ಮೂರೂ ಮಹಡಿಯವರಿಗೆ ಸೇರಿದ್ದು ಅಂತ ಖರ್ಚು ಮೂರು ಪಾಲಾಯಿತು. ಅಷ್ಟರ ಮಟ್ಟಿಗೆ ಅಗ್ಗವಾಯಿತು. ಮಾರ್ಚ್‌ನಲ್ಲಿ ಹಾಲುಕ್ಕಿಸಿ ಒಳಗೆ ಹೋದರು. ಹೊರಗಡೆಯಿಂದ ಲಿಫ್ಟ್ ಹಾಕಿಸೋಣ ಅಂತ ತಮ್ಮ ಒಂಬತ್ತು ಮನೆಯವರ ಮೀಟಿಂಗ್ ಕರೆದ. ಮೂರನೇ ಮಹಡಿಯವರು ಕೂಡಲೇ ಹೂಂ ಅಂದರು. ಮೊದಲ ಮಹಡಿಯವರು "ನಮಗ್ಯಾಕ ಬೇಕ್ರೀ?" ಅಂದರು. ಮಾತು ಅಲ್ಲಿಗೇ ನಿಂತಿದೆ. ಆದರೆ ಮರುದಿನ ಅದೇ ಮನೆಯವರು ತಮ್ಮ ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟರು. ಚಿಗವ್ವ ಗುಡಿಯಿಂದ ಬರುವಾಗ ಅಲ್ಲಿ ಕೂರುತ್ತಾಳೆ, ಕೆಲವೊಮ್ಮೆ ಅರ್ಧ ತಾಸು.

ಈಗ ಮೇ ತಿಂಗಳು. ಹಿಂದಿನ ಬೆಡ್‌ರೂಮಿಗೆ ಹೊಸ ಬಣ್ಣ ಬಂದಿದೆ. ಆ ಕಿಟಕಿ ಪಕ್ಕದ ಗೋಡೆಗೆ ಮಾತ್ರ ಮಳೆಗಾಲ ಮುಗಿಯುವವರೆಗೆ ಕ್ಯಾಲೆಂಡರ್ ಆಗಲಿ ಫೋಟೋ ಆಗಲಿ ಹಾಕಬಾರದು ಅಂತ ತಮ್ಮನ ಹೆಂಡತಿ ಎಲ್ಲರಿಗೂ ಹೇಳಿಟ್ಟಿದ್ದಾಳೆ.